ಹದಿನೇಳನೇ ನಂಬರಿನ ತಟ್ಟೆ

ಅಪ್ಪಾ,

ಇವತ್ತು ಬೆಳಿಗ್ಗೆ ನಿನ್ನ ಜೀವಕೋಶಗಳು ಎಳೆ ಬಿಟ್ಟಿದ್ದವು. ಹೋದ ವರ್ಷ ಹರ್ನಿಯಾ ಆಪರೇಷನ್ನಿಗೆ ಮಲಗಿದ್ದಾಗ, "ಬೊಜ್ಜು ತಾನೇ, ಬೇಕಾದಷ್ಟು ತಗೊಳ್ಳಿ. ಮೂವತ್ತು ವರ್ಷ ಬಸ್ಸು ಓಡಿಸಿ, ಮಾಂಸ ತುಂಬಿದ ಬುರೆಕ್ ತಿಂದು ಬೆಳೆಸಿದ್ದು" ಅಂತ ನಗುತ್ತಾ ನಮ್ಮ ಪ್ರಯೋಗಾಲಯದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೆಯಲ್ಲ, ಆ ಕೊಬ್ಬಿನಿಂದ ತೆಗೆದ ಕಾಂಡಕೋಶಗಳು. ಹನ್ನೊಂದು ದಿನ ಔಷಧಿಯ ದ್ರವದಲ್ಲಿಟ್ಟ ಮೇಲೆ, ನರಕೋಶಗಳ ಹಾಗೆ ಒಂದಕ್ಕೊಂದು ಕೈ ಚಾಚಿವೆ.

ಜೊತೆಗೆ ಕೆಲಸ ಮಾಡುವ ಸ್ಲಾವಿಕಾ ಸೂಕ್ಷ್ಮದರ್ಶಕದಲ್ಲಿ ನೋಡಿ, "ಈ ಹದಿನೇಳನೇ ನಂಬರಿನವನು ಗಟ್ಟಿ ಆಸಾಮಿ ಕಣೇ ಸೆಂಕಾ! ಮಿಕ್ಕವರದ್ದೆಲ್ಲ ಸತ್ತೇಹೋದವು" ಅಂದಳು. ತಟ್ಟೆಗೆ ನಂಬರು ಬರೆದವಳು ನಾನೇ. ಯಾರದ್ದೆಂದು ಹೇಳಲಿಲ್ಲ.

ಅವು ನಿಜವಾಗಿ ನರಕೋಶಗಳೇ ಅಂತ ತಿಳಿಯಲು ಬಣ್ಣ ಹಾಕಿ ನೋಡಬೇಕು. ಬಣ್ಣ ಹಾಕುವ ಮೊದಲು ಅವನ್ನು ಫಾರ್ಮಲಿನ್ ಹಾಕಿ ಕೊಲ್ಲಬೇಕು.

"ಮುಖ ನೋಡ್ಕೋ, ಎಷ್ಟು ಸೋತಿದೀಯ. ಮನೆಗೆ ಹೋಗು, ಫಾರ್ಮಲಿನ್ ನಾನು ಹಾಕ್ತೀನಿ" ಅಂದಳು ಸ್ಲಾವಿಕಾ.

ಸೋತಿದ್ದೇನೆ ಅಪ್ಪಾ. ಫೆಬ್ರವರಿಯಲ್ಲಿ ಅಮ್ಮ ಆಸ್ಪತ್ರೆಯಿಂದ ಫೋನ್ ಮಾಡಿ "ಬೇಗ ಬಾರೇ" ಅಂದಾಗ, "ಕೋಶಗಳಿಗೆ ಆಹಾರ ಹಾಕಿ ಹೊರಡ್ತೀನಿ" ಅಂದಿದ್ದೆ. ನಾನು ಬಂದು ಮುಟ್ಟುವಷ್ಟರಲ್ಲಿ ನೀನು ಹೋಗಿಬಿಟ್ಟಿದ್ದೆ.

ಇವತ್ತು ಫಾರ್ಮಲಿನ್ನನ್ನು ನಾನೇ ಹಾಕಿದೆ. ಮುಗಿಯುವವರೆಗೆ, ಹದಿನೈದು ನಿಮಿಷ, ತಟ್ಟೆಯ ಪಕ್ಕದಿಂದ ಏಳಲಿಲ್ಲ.