ಅವ್ವ ಎದ್ದು ಕೂಗಿದ್ದು

ಶುಕ್ರವಾರ, 14 ನವೆಂಬರ್ 2025

ನಿದ್ದೆ ಹತ್ತುತ್ತಿಲ್ಲ. ಜನ ಇವತ್ತು ನಕ್ಕಿದ್ದು ನಮ್ಮ ಸಿನಿಮಾಕ್ಕೋ, ನಮ್ಮವ್ವನಿಗೋ?

ಚನ್ನಪಟ್ಟಣದಲ್ಲಿ ನಮ್ಮ ಕಾಮಿಡಿ ಸಿನಿಮಾದ ಮೊದಲ ಆಟ. ತೆರೆಯ ಮೇಲೆ ಸೂಪರ್‌ಹೀರೋ ವೇಷದ ನಾನು ರಾಮನಗರದ ಬಂಡೆಯಿಂದ ಹಾರಿ ಹುಣಸೆಮರಕ್ಕೆ ಸಿಕ್ಕಿಹಾಕಿಕೊಂಡೆ. ಒಬ್ಬರೂ ನಗಲಿಲ್ಲ. ಪಕ್ಕದಲ್ಲಿ ಡೈರೆಕ್ಟರ್ ರುದ್ರಪ್ರಸಾದ್ ಉಗುರು ಕಚ್ಚುತ್ತಿದ್ದ. ಇಂಟರ್ವಲ್‌ಗೆ ಎದ್ದು ಹೋದ ಕೆಲವರು ವಾಪಸ್ ಬರಲೇ ಇಲ್ಲ.

ಆಮೇಲೆ ವಿಲನ್ ನನ್ನ ಕುತ್ತಿಗೆ ಹಿಸುಕುವ ಸೀನ್ ಬಂತು. ನನ್ನ ಇನ್ನೊಂದು ಪಕ್ಕ ಕೂತಿದ್ದ ಅವ್ವ ಸೀಟಿನಿಂದ ಎದ್ದು ನಿಂತು ಪರದೆಯತ್ತ ಕೈಚಾಚಿ, "ಲೇ, ಬುಡ್ಲಾ ನನ್ ಮಗನ್ನ! ಸತ್ತೋಯ್ತಾನೆ!" ಎಂದು ಕೂಗಿಬಿಟ್ಟಳು. ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಕೊನೆಯವರೆಗೂ ಆ ನಗು ನಿಲ್ಲಲಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ.

ಹೊರಗೆ ರುದ್ರ ನನ್ನನ್ನು ತಬ್ಬಿಕೊಂಡ. "ಗೆದ್ಬುಟ್ವಿ ಕಣ್ಲಾ! ನಾಳೆನೂ ನಿಮ್ಮವ್ವನ್ನ ಕರ್ಕೊಂಡ್ ಬಾ."

ಸಿಟ್ಟು ಬಂತು. ಅವನ ಕೈ ಬಿಡಿಸಿಕೊಂಡು ಅವ್ವನ ಜೊತೆ ಮನೆಗೆ ಹೊರಟೆ.

ಮನೆಗೆ ಬಂದಮೇಲೆ ಅವ್ವನನ್ನು ಕೇಳಿದೆ, "ಅವ್ರೆಲ್ಲ ನಕ್ಕಾಗ ಬೇಜಾರಾಯ್ತಾ?"

"ನಗ್ತಿದ್ರಾ? ನಂಗೆಲ್ಲಿ ಕೇಳುಸ್ತು! ನಿಂಗೆ ಉಸ್ರು ಆಡ್ತೈತೋ ಇಲ್ವೋ ಅಂತ ನೋಡ್ತಾ ಇದ್ದೆ ಕಣಪ್ಪ."

ನಾಳೆ ಜನ ನಗಲಿ ಬಿಡಲಿ, ಅವ್ವನನ್ನು ಕರೆದೊಯ್ಯುವುದಿಲ್ಲ. ರುದ್ರನಿಗೆ ಇದನ್ನು ಹೇಗೆ ಹೇಳುವುದು ಅಂತ ಮಾತ್ರ ಇನ್ನೂ ಹೊಳೆಯುತ್ತಿಲ್ಲ.