ಬಲೆ ಒಂದು ವಿಭಾಗಕ್ಕೆ, ಸಂದು ಇನ್ನೊಂದಕ್ಕೆ

ಗಣಿತ ಶಿಬಿರದ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಪ್ರಾಜೆಕ್ಟ್ ಸಂಖ್ಯಾಶಾಸ್ತ್ರ ವಿಭಾಗದ ಸಂಭವನೀಯತೆಗೂ ಗಣಿತ ವಿಭಾಗದ ಟೊಪಾಲಜಿಗೂ ಸೇರುವುದರಿಂದ ಯಾವ ವಿಭಾಗದಲ್ಲೂ ಪರಿಗಣಿಸಲಾಗದು ಎಂದು ತಾವು ತಿಳಿಸಿದ್ದೀರಿ. ಒಂದನ್ನು ಕೈಬಿಡಲು ಸೋಮವಾರದವರೆಗೆ ಕೃಪೆಯಿಂದ ಸಮಯ ಕೊಟ್ಟಿದ್ದೀರಿ. ಆಮೇಲೆ ನನ್ನ ಸೀಟು ಬೇರೆಯವರಿಗೆ. ಶಿಬಿರ ಮೊದಲ ವರ್ಷದವರಿಗೆ ಮಾತ್ರ. ಮುಂದಿನ ವರ್ಷವೂ ನಾನು ಮೊದಲ ವರ್ಷದಲ್ಲೇ ಇರಬೇಕೆಂದರೆ ಫೇಲಾಗಬೇಕು. ಅದಕ್ಕೆ ಯಾವ ವಿಭಾಗದ ಅನುಮತಿ ಬೇಕು?

ವಿಷಯ ಇಷ್ಟೇ. ರಜೆಯಲ್ಲಿ ನಮ್ಮೂರು ಕಾಗಾಲಕ್ಕೆ ಹೋದಾಗ ಜಟ್ಟಿಮಾವ ಹಿನ್ನೀರಿನಲ್ಲಿ ಬಲೆ ಬೀಸುತ್ತಿದ್ದರು. ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದ ನನಗೆ ಮೀನಿನ ಹೆಸರುಗಳೇ ಸರಿಯಾಗಿ ಬರುವುದಿಲ್ಲ. ನನಗೆ ಕಂಡದ್ದು ನೀರಿನ ಮೇಲೆ ಬೀಳುವ ವೃತ್ತಗಳು.

"ಮಾವ, ಕಣ್ಣು ಮುಚ್ಕಂಡು ಎಲ್ಲೆಂದ್ರಲ್ಲಿ ಬೀಸಿದ್ರೆ, ಎಷ್ಟು ಸಲಕ್ಕೆ ಈ ಜಾಗ ಪೂರ್ತಿ ಮುಚ್ತದೆ?" ಎಂದೆ.

"ಕಣ್ಣು ಮುಚ್ಕಂಡು ಬೀಸೂಕೆ ನಂಗೆಂತ ಆಗ್ಯದೆ? ಹಾಸ್ಟೆಲಲ್ಲಿ ಹೊಟ್ಟೆಗೆ ಸಮಾ ಹಾಕ್ತ್ರಾ ಇಲ್ವಾ ನಿಂಗೆ?"

ಬಲೆ ಎಲ್ಲಿ ಬೀಳುತ್ತದೆಂಬುದು ಸಂಭವನೀಯತೆಯ ಪ್ರಶ್ನೆ. ಬಿದ್ದ ವೃತ್ತಗಳು ಒಂದನ್ನೊಂದು ತಾಗಿ, ನಡುವೆ ಸುತ್ತುವರಿದ ಸಂದು ಉಳಿಯಿತೇ ಎಂಬುದು ಟೊಪಾಲಜಿಯ ಪ್ರಶ್ನೆ. ಟೊಪಾಲಜಿಗೆ ಸಂದು ದೊಡ್ಡದೋ ಚಿಕ್ಕದೋ, ಉದ್ದವೋ ದುಂಡೋ ಎಂಬ ಗೊಡವೆಯಿಲ್ಲ. ಇದೆಯೇ, ಎಷ್ಟಿವೆ, ಅಷ್ಟೇ. ಮೊದಲು ಬಿಡಿಬಿಡಿ ತುಂಡುಗಳು. ಬೀಸುತ್ತ ಹೋದಂತೆ ಅವು ಕೂಡಿಕೊಂಡು ಸಂದುಗಳು ಹುಟ್ಟುತ್ತವೆ. ಕೊನೆಗೆ ಒಂದೊಂದಾಗಿ ಮುಚ್ಚಿಹೋಗುತ್ತವೆ. ಸಾಮಾನ್ಯವಾಗಿ ಎಷ್ಟು ಸಲ ಬೀಸಿದ ಮೇಲೆ? ಇದೇ ನನ್ನ ಪ್ರಶ್ನೆ. ದೊಡ್ಡ ಗಣಿತಜ್ಞರೂ ಇಂಥದ್ದನ್ನೇ ಕೇಳುತ್ತಿದ್ದಾರೆಂದು ಆಮೇಲೆ ಓದಿದಾಗ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

ತಮ್ಮ ಸೂಚನೆಯಂತೆ ಸಮಿತಿಯ ಇಬ್ಬರು ಸದಸ್ಯರನ್ನೂ ಕಂಡೆ. ಭಟ್ಕಳದಲ್ಲಿರುವ ಸಂಖ್ಯಾಶಾಸ್ತ್ರದ ಸರ್, "ಐಡಿಯಾ ಚೆಂದ ಇದೆ ಮಾರಾಯ್ತಿ. ಈ ತೂತೆಲ್ಲ ಎಂತಕ್ಕೆ? ಎಷ್ಟು ಭಾಗ ಮುಚ್ಚಿತು ಅಂತ ಬರಿ, ಆತು," ಎಂದರು. ಕುಮಟಾದ ಗಣಿತದ ಮೇಡಂ, "ತೂತು ಇರ್ಲಿ. ವೃತ್ತಗಳನ್ನ ನೀನೇ ನೀಟಾಗಿ ಜೋಡಿಸಿಡು. ಎಲ್ಲೆಲ್ಲೋ ಬೀಳೋದು ನಮ್ಮ ಡಿಪಾರ್ಟ್‌ಮೆಂಟಿಗೆ ಬರೋದಿಲ್ಲ," ಎಂದರು. ನಾನೇ ಜೋಡಿಸಿಟ್ಟರೆ ಸಂದು ಎಲ್ಲಿದೆಯೆಂದು ನನಗೆ ಮೊದಲೇ ಗೊತ್ತಿರುತ್ತದಲ್ಲ ಎಂದು ಕೇಳಬೇಕಿತ್ತು. "ಓಕೆ ಮೇಡಂ" ಎಂದು ಬಂದೆ.

ಹೊನ್ನಾವರಕ್ಕೆ ಮರಳುವ ಬಸ್ಸಿನಲ್ಲಿ ಎರಡೂ ರೀತಿ ಮಾಡಿ ನೋಡಿದೆ. ಒಂದರಲ್ಲಿ ನನ್ನ ಪ್ರಶ್ನೆಯೇ ಇಲ್ಲ. ಇನ್ನೊಂದರಲ್ಲಿ ಕೇಳುವ ಮೊದಲೇ ಉತ್ತರವಿದೆ.

ಮಾನ್ಯರೇ, "ಶಾಸ್ತ್ರಗಳು ಕೂಡುವಲ್ಲಿ ಹೊಸ ಸಂಶೋಧನೆ" ಎಂದು ತಮ್ಮ ಪೋಸ್ಟರಿನಲ್ಲೇ ಅಚ್ಚಾಗಿದೆ. ಅಚ್ಚು ಹಾಕಿಸುವಾಗ ಎರಡೂ ವಿಭಾಗಗಳ ಒಪ್ಪಿಗೆ ಸಿಕ್ಕಿತ್ತೇ?

ನನ್ನ ಬೇಡಿಕೆ ಸಣ್ಣದು. ಆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಪ್ರಾಜೆಕ್ಟನ್ನು ಒಟ್ಟಿಗೆ ಓದಿಸಿ. ಚೆನ್ನಾಗಿಲ್ಲವೆಂದು ಇಬ್ಬರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಒಂದನ್ನು ಕೈಬಿಟ್ಟ ಪ್ರಾಜೆಕ್ಟ್ ಸೋಮವಾರ ನನ್ನಿಂದ ತಮಗೆ ಬರುವುದಿಲ್ಲ. ದಯವಿಟ್ಟು ಇದನ್ನು ಹಟವೆಂದು ತಿಳಿಯಬೇಡಿ. ಒಂದನ್ನು ಬಿಡಲೆಂದೇ ಕುಳಿತಿದ್ದೆ. ನನಗೆ ಬಿಡಲು ಬರಲಿಲ್ಲ.

ಇಂತಿ,
ಸೀಟು ಹೋದರೆ ಮನೆಯಲ್ಲಿ ಎಂತ ಹೇಳುವುದೆಂದು ತಿಳಿಯದ
ಧನ್ಯಶ್ರೀ
ಪ್ರಥಮ ಬಿ.ಎಸ್ಸಿ., ಹೊನ್ನಾವರ