ನೀನು ಗೆಲ್ಲಿಸಿಕೊಟ್ಟ ಅಪೀಲು

ಸಟನ್,
ಸೆಪ್ಟೆಂಬರ್ 12, 2024, ಗುರುವಾರ

ಅವ್ವ,

ನಿನಗೆ ಶರಣು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೂ ಶರಣು ಮೊದಲು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀ, ನಾನು ಹೋಗಲಿ ಬಿಡು ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಈ ಸಲ ಮುಗಿಯಬಾರದು. ಅದಕ್ಕೇ ತಮ್ಮ ನಿತೀಶನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಅಪೀಲು ಗೆದ್ದ ಮೇಲೆ ನೀನು ಹೌನ್ಸ್ಲೋದ ಅರ್ಧ ಮಂದಿಗೆ ಫೋನ್ ಮಾಡಿ, ಮಗಳ ಮೇಲಿನ ಕಳಂಕ ಹೋಯಿತು ಎಂದೆಯಂತೆ. ಗೋಧಿ ಹುಗ್ಗಿ ಮಾಡಿ ಹಂಚಿದೆಯಂತೆ. ನನ್ನ ಪಾಲು ಫ್ರಿಜ್‌ನಲ್ಲಿದೆಯಂತೆ. ನನಗೆ ಬೇಡ.

ಆ ಓಟದಲ್ಲಿ ಏನಾಯಿತೆಂದು ಇನ್ನೊಮ್ಮೆ ಹೇಳುತ್ತೇನೆ, ಕೇಳು. ನಮ್ಮ ಗಾಡಿ ಓಟದಲ್ಲಿ ಕುದುರೆ ನಾಗಾಲೋಟ ಹಿಡಿಯುವಂತಿಲ್ಲ, ಒಂದೇ ಹದದ ನಡೆಯಲ್ಲಿ ಓಡಬೇಕು. ಹಿಂದೆ ಎರಡು ಗಾಲಿಯ ಸಣ್ಣ ಗಾಡಿಯಲ್ಲಿ ಕೂತವಳಿಗೆ ಆ ನಡೆ ಲಗಾಮಿನಿಂದ ಕೈಗೆ ತಿಳಿಯುತ್ತಿರುತ್ತದೆ. ನಿನಗೆ ಬ್ರಾಂಬಲ್ ಎಂದರೆ ಹಾಲಿಸ್ ಸಾಕಿದ ಕಂದು ಕುದುರೆ, ಅಷ್ಟೆ. ನನಗೆ ಅವಳ ಒಂದೊಂದು ಹೆಜ್ಜೆಯೂ ಗೊತ್ತು. ಕೊನೆಯ ತಿರುವಿನಲ್ಲಿ ನಾವೇ ಮುಂದಿದ್ದೆವು. ಅಲ್ಲಿ ಅವಳ ಬಲ ಹಿಂಗಾಲು ಹದ ತಪ್ಪಿತು. ಒಮ್ಮೆಯಲ್ಲ, ಮತ್ತೆ ಮತ್ತೆ. ಹಾಗೇ ಓಡಿಸಿದ್ದರೆ ಗೆಲ್ಲುತ್ತಿದ್ದೆವು, ಕಾಲು ಉಳಿಯುತ್ತಿರಲಿಲ್ಲ. ಲಗಾಮನ್ನು ಎದೆಯವರೆಗೂ ಎಳೆದುಕೊಂಡು ನಿಧಾನಿಸಿದೆ. ಹಿಂದಿದ್ದವರೆಲ್ಲ ಮುಂದೆ ಹೋದರು.

ಓಟದ ತೀರ್ಪುಗಾರರು ನಾನು ಬೇಕೆಂದೇ ಸೋತೆ ಎಂದು ಆರು ತಿಂಗಳು ಲೈಸೆನ್ಸ್ ಕಿತ್ತುಕೊಂಡರು. ಕುದುರೆ ಡಾಕ್ಟರು ನೋಡುವ ಹೊತ್ತಿಗೆ ಬ್ರಾಂಬಲ್ ನೆಟ್ಟಗೆ ನಡೆಯುತ್ತಿದ್ದಳು. ಆಸ್ಪತ್ರೆಯಲ್ಲಿ ದಿನವಿಡೀ ಮನುಷ್ಯರ ಕುಂಟು ನೋಡುವ ಫಿಸಿಯೋಥೆರಪಿಸ್ಟ್ ನಾನು. ನಡೆಯುವಾಗ ಕಾಣದ ನೋವು ಓಡುವಾಗ ಬರುತ್ತದೆ ಎಂದೆ. ಕೇಳುವವರಿರಲಿಲ್ಲ. ಅದಕ್ಕೆ ಅಪೀಲು ಹಾಕಿದ್ದು. ಕಳಂಕ ತೊಳೆದುಕೊಳ್ಳಲು ಅಲ್ಲ ಅವ್ವ, ಆ ಕಾಲಿನ ಸ್ಕ್ಯಾನ್ ಮಾಡಿಸಿ ಎಂದು ಹೇಳಲು.

ಅಪೀಲಿನ ವಿಚಾರಣೆಯಲ್ಲಿ ನೀನು ಎದ್ದು ನಿಂತೆ. ಯಾರೂ ಕರೆದಿರಲಿಲ್ಲ. ವಿಡಿಯೋದಲ್ಲಿ ನನ್ನ ಕೈ ಎದೆಗೆ ಬಂದದ್ದನ್ನು ತೋರಿಸುತ್ತಿದ್ದರು. ನೀನು ಸೆರಗು ಸರಿಮಾಡಿಕೊಂಡು, ನಾವು ಲಿಂಗಾಯತರು, ಕೊರಳಾಗ ಲಿಂಗ ಕಟ್ಟಿರತೀವಿ, ಶಿವದಾರ ಸಡಲಿದ್ರ ಕೈಯಾಗಿಂದೆಲ್ಲಾ ಬಿಟ್ಟು ಮೊದಲ ಅದನ್ನ ಹಿಡೀತೀವಿ, ಜೀವ ಹೋದ್ರೂ ನೆಲಕ್ಕ ಬೀಳಗೊಡಂಗಿಲ್ಲ, ನನ್ನ ಮಗಳು ಮಾಡಿದ್ದೂ ಅದನ್ನ ಅಂದೆ. ನಿತೀಶ ಇಂಗ್ಲಿಷಿಗೆ ತಿರುಗಿಸಿದ, ಅದೂ ಎಷ್ಟು ಚೆಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಸಮಿತಿಯ ಮೂವರೂ ತಲೆದೂಗುತ್ತಿದ್ದರು. ಅದಲ್ಲ, ಕುದುರೆಯ ಕಾಲು ಎಂದೆ. ಇಂಥ ಖಾಸಗಿ ವಿಷಯ ಹೇಳಿಕೊಳ್ಳಲು ಸಂಕೋಚ ಸಹಜ ಎಂದು ಅಧ್ಯಕ್ಷೆ ನನಗೇ ಸಮಾಧಾನ ಹೇಳಿದಳು, ನಿನಗೆ ನೀರು ತರಿಸಿದಳು. ಎಂಥ ಮಂದಿ ಇವರು. ನನ್ನ ಓದನ್ನು ನಂಬಲಿಲ್ಲ, ನನ್ನ ಕೈಯನ್ನು ನಂಬಲಿಲ್ಲ. ಸೀರೆ ಉಟ್ಟ ತಾಯಿ ದೇವರ ಹೆಸರು ಹೇಳಿದರೆ ಮರುಮಾತಿಲ್ಲ.

ತೀರ್ಪಿನಲ್ಲಿ ಏನಿದೆ ಗೊತ್ತೇ? ಗಾಡಿ ನಿಧಾನವಾದದ್ದು ನನ್ನ ಧರ್ಮದಿಂದ, ಹಾಗಾಗಿ ಕುದುರೆಗೆ ಏನೂ ಆಗಿಲ್ಲ. ಹಾಲಿಸ್ ಅದನ್ನೇ ಹಿಡಿದುಕೊಂಡು ಬರುವ ಭಾನುವಾರದ ಓಟಕ್ಕೆ ಅವಳ ಹೆಸರು ಕೊಟ್ಟಿದ್ದಾನೆ. ನಿನ್ನೆ ಫೋನ್ ಮಾಡಿ, ಓಡಿಸಲು ನೀನೇ ಬಾ, ಈ ಸಲ ದಾರ ಗಟ್ಟಿಯಾಗಿ ಕಟ್ಟಿಕೋ ಎಂದು ನಕ್ಕ. ಒಲ್ಲೆ ಎಂದೆ, ಬೇರೆ ಡ್ರೈವರನ್ನು ಹುಡುಕಿಕೊಂಡ. ಕಾಲು ಮುರಿದು ಬಿದ್ದ ಕುದುರೆಯನ್ನು ಇಲ್ಲಿ ಆಸ್ಪತ್ರೆಗೆ ಒಯ್ಯುವುದಿಲ್ಲ ಅವ್ವ. ಸುತ್ತ ಪರದೆ ಹಿಡಿದು ಅಲ್ಲೇ ಮುಗಿಸುತ್ತಾರೆ.

ಇವತ್ತು ಬೆಳಿಗ್ಗೆ ಅಧ್ಯಕ್ಷೆಗೆ ಫೋನ್ ಮಾಡಿ, ನಾನು ಗೆದ್ದದ್ದು ಸುಳ್ಳಿನ ಮೇಲೆ, ತೀರ್ಪು ವಾಪಸ್ ತೆಗೆದುಕೊಳ್ಳಿ ಎಂದೆ. ಆಕೆ ಸಮಿತಿಯ ಇನ್ನಿಬ್ಬರನ್ನು ಕೇಳಿ ತಿರುಗಿ ಫೋನ್ ಮಾಡಿದಳು. ಶನಿವಾರ ಮತ್ತೆ ಕೂರುತ್ತಾರೆ. ನನ್ನ ಶಿಕ್ಷೆ ತಿರುಗಿ ಬರುತ್ತದೆ, ಸುಳ್ಳಿಗೆ ಸುಮ್ಮನಿದ್ದೆ ಎಂದು ಲೈಸೆನ್ಸೇ ಹೋದರೂ ಹೋಯಿತು. ಆದರೆ ಈ ತೀರ್ಪು ಬಿದ್ದರೆ ಸ್ಕ್ಯಾನ್ ಆಗುವ ತನಕ ಬ್ರಾಂಬಲ್ ಓಡುವಂತಿಲ್ಲ. ಅಷ್ಟು ಮಾತು ತೆಗೆದುಕೊಂಡಿದ್ದೇನೆ.

ನೀನು ಬರಬೇಡ. ನಿತೀಶನನ್ನೂ ಕಳಿಸಬೇಡ. ಸಿಟ್ಟು ಇಳಿದ ಮೇಲೆ ನಾನೇ ಮನೆಗೆ ಬರುತ್ತೇನೆ. ಮಂಡಿ ನೋವಿನ ಎಣ್ಣೆ ನಿತೀಶನ ಕೈಯಲ್ಲಿ ಕೊಟ್ಟಿದ್ದೇನೆ, ಹಚ್ಚಿಕೋ.

ನಿನ್ನ ಮೇಲೆ ಸಿಟ್ಟಾಗಿರುವ
ನಿನ್ನ ಮಗಳು
ನೇತ್ರಾ

ತಾ.ಕ.: ಆ ದಿನ ನನ್ನ ಕೊರಳಲ್ಲಿ ಲಿಂಗ ಇತ್ತೇ ಎಂದು ಶನಿವಾರ ಮೊದಲು ಕೇಳುತ್ತಾರೆ. ಇರಲಿಲ್ಲ ಎನ್ನುತ್ತೇನೆ. ಅಪ್ಪ ತೀರಿಕೊಂಡ ವಾರ ನಾನೇ ತೆಗೆದು ನಿನ್ನ ಕೈಗೆ ಕೊಟ್ಟೆ. ಅಂದಿನಿಂದ ಅದು ನಿನ್ನ ದೇವರ ಜಗಲಿಯ ಮೇಲಿದೆ, ದಿನಾ ಪೂಜೆ ಮಾಡುವವಳೂ ನೀನೇ. ನಿಮ್ಮ ತಾಯಿಗೆ ಇದು ಗೊತ್ತಿತ್ತೇ ಎಂದು ಆಮೇಲೆ ಕೇಳುತ್ತಾರೆ. ಗೊತ್ತಿರಲಿಲ್ಲ ಎನ್ನುತ್ತೇನೆ.